ಗಾಡಿ ಹೊರಡಿಸುವವರು

ಭತ್ತದ ಸುಗ್ಗಿಯಲ್ಲಿ ಹಚ್ಚೊಳ್ಳಿ ಸೀಮೆಯ ರೈತನಿಗೆ ಮೂರು ಚಿಂತೆ. ಕೊಯ್ಯುವ ಯಂತ್ರದ ಪಾಳಿ ಯಾವಾಗ, ಮಳೆ ಯಾವಾಗ, ಲಾರಿ ಯಾವಾಗ. ಮೊದಲನೆಯದಕ್ಕೆ ಯಂತ್ರದ ಏಜೆಂಟನನ್ನು ಕೇಳಬೇಕು. ಎರಡನೆಯದಕ್ಕೆ ದೇವರನ್ನು. ಮೂರನೆಯದಕ್ಕೆ ಸಿರುಗುಪ್ಪದ ಯಾವುದೋ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಎರಡು ಮೊಬೈಲು, ಒಂದು ಉದ್ದನೆಯ ನೋಟ್‌ಬುಕ್ಕು, ಒಂದು ರಸೀದಿ ಪುಸ್ತಕ ಮುಂದಿಟ್ಟುಕೊಂಡು ಕುಳಿತ ಗುಮಾಸ್ತನನ್ನು. ದೇವರಾದರೂ ಒಮ್ಮೊಮ್ಮೆ ಸುಮ್ಮನಿರುತ್ತಾನೆ. ಈ ಗುಮಾಸ್ತ ಬಂದ ಫೋನಿಗೆಲ್ಲ ಉತ್ತರ ಕೊಡಲೇಬೇಕು.

ಲಾರಿ ಅವನದಲ್ಲ, ಸ್ಟೇರಿಂಗ್ ಅವನ ಕೈಯಲ್ಲಿಲ್ಲ, ಸರಕೂ ಅವನದಲ್ಲ. ಆದರೆ ಲಾರಿ, ಚಾಲಕ, ಹಮಾಲರು, ತೂಕದ ಯಂತ್ರ, ಮಿಲ್ಲಿನ ಬಿಲ್ಲು, ಇಷ್ಟೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಕೂಡುವಂತೆ ಮಾಡುವವನು ಅವನೇ. ದೊಡ್ಡ ಕಂಪನಿಗಳಲ್ಲಿ ಇವನಿಗೆ ಡಿಸ್ಪ್ಯಾಚರ್ ಎಂದೋ ಟ್ರಾಫಿಕ್ ಅಸಿಸ್ಟೆಂಟ್ ಎಂದೋ ಬೋರ್ಡು ಇರುತ್ತದೆ. ನಮ್ಮ ಕಡೆ ರೈಟರು, ಬುಕಿಂಗಿನವನು, ಅಥವಾ ಐವತ್ತು ದಾಟಿದ ಮೇಲೂ ‘ಆಫೀಸಿನ ಹುಡುಗ’.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನಲ್ಲಿ, ಆಂಧ್ರದ ಗಡಿಯ ಮಗ್ಗುಲಲ್ಲಿರುವ ಹೋಬಳಿ ಕೇಂದ್ರ ಹಚ್ಚೊಳ್ಳಿ. ತಾಲ್ಲೂಕಿಗೆ ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆಯಿಂದ ಬಂದು ಅವಳನ್ನು ಸೇರುವ ವೇದಾವತಿ, ನಮ್ಮವರ ಬಾಯಲ್ಲಿ ಹಗರಿ. ನಡುವೆ ತುಂಗಭದ್ರಾ ಜಲಾಶಯದ ಬಲದಂಡೆ ಕಾಲುವೆಗಳ ನೀರು. ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರ 1937ರಷ್ಟು ಹಿಂದೆಯೇ ಶುರುವಾಯಿತು. ಜಲಾಶಯಕ್ಕೆ ನೀರು ನಿಂತದ್ದು 1953ರಲ್ಲಿ. ಅಲ್ಲಿಂದ ಮುಂದೆ ಈ ಕಪ್ಪು ನೆಲದಲ್ಲಿ ಭತ್ತ ಹೆಚ್ಚುತ್ತ ಹೋಯಿತು, ಭತ್ತದ ಹಿಂದೆ ರೈಸ್ ಮಿಲ್ಲುಗಳು ಬಂದವು, ಮಿಲ್ಲುಗಳ ಹಿಂದೆ ಲಾರಿಗಳು. ಸಿರುಗುಪ್ಪಕ್ಕೆ ರೈಲು ಮಾತ್ರ ಬರಲಿಲ್ಲ. ಹೀಗಾಗಿ ಒಳಗೆ ಬರುವ ಗೊಬ್ಬರದ ಚೀಲವೂ ಹೊರಗೆ ಹೋಗುವ ಅಕ್ಕಿ, ನುಚ್ಚು, ತೌಡೂ ಎಲ್ಲ ರಸ್ತೆಯ ಮೇಲೆಯೇ. ರೈಲಿದ್ದ ಊರಲ್ಲಿ ಗೂಡ್ಸ್ ಶೆಡ್ಡಿನ ಬಾಬು ಮಾಡುವ ಕೆಲಸವನ್ನೂ ಇಲ್ಲಿ ಈ ಗುಮಾಸ್ತನೇ ಮಾಡಬೇಕು.

ಗಡಿಯ ಕತೆ ಬೇರೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ನೆಂಟಸ್ತಿಕೆ, ವ್ಯಾಪಾರ, ಬಾಯಲ್ಲಿ ಬೆರೆತ ತೆಲುಗು, ಯಾವುದೂ ಹೋಗಲಿಲ್ಲ. ಹಚ್ಚೊಳ್ಳಿ ಕಡೆಯ ಒಕ್ಕಲಿಗೆ ಆದೋನಿ ಪರರಾಜ್ಯ ಅನ್ನಿಸುವುದು ಲಾರಿಯ ಕಾಗದ ತೋರಿಸುವಾಗ ಮಾತ್ರ. ಆ ಕಾಗದ ಸರಿಯಾಗಿದೆಯೋ ಇಲ್ಲವೋ ನೋಡಬೇಕಾದವನೂ ಗುಮಾಸ್ತನೇ.

ಅವನ ದಿನದಲ್ಲಿ ಏನೇನಿರುತ್ತದೆ ನೋಡಿ. ಬೆಳಿಗ್ಗೆ ಮಿಲ್ಲಿನಿಂದ ಫೋನು: ‘ಯಶವಂತಪುರಕ್ಕ ಎರಡು ಗಾಡಿ ಬೇಕು, ಸಂಜಿಗೆ ಲೋಡ್.’ ಹೂಂ ಅನ್ನುವುದು ಸುಲಭ. ಯಾವ ಗಾಡಿ? ನಿನ್ನೆ ರಾತ್ರಿ ಬೆಂಗಳೂರಿಂದ ಹೊರಟದ್ದು ಎಲ್ಲಿಗೆ ಬಂದಿದೆ? ವಾಪಸ್ ಬರುವಾಗ ಅದಕ್ಕೆ ಲೋಡ್ ಸಿಕ್ಕಿದೆಯೋ, ಖಾಲಿ ಬರುತ್ತಿದೆಯೋ? ಖಾಲಿ ಬಂದರೆ ಡೀಸೆಲ್ ಮೈಮೇಲೆ. ಅದಕ್ಕೆ ಬೆಂಗಳೂರಲ್ಲಿ ಅಕ್ಕಿ ಇಳಿಯುವ ಮೊದಲೇ ಇವನು ಅಲ್ಲಿನ ಏಜೆಂಟರಿಗೆ ಫೋನು ಹಚ್ಚಿ, ಹಾರ್ಡ್‌ವೇರೋ ಕಿರಾಣಿಯೋ ಸಿಮೆಂಟೋ, ಬಳ್ಳಾರಿ ದಿಕ್ಕಿಗೆ ಹೋಗುವ ಯಾವುದೋ ಒಂದನ್ನು ಹಿಡಿದಿಡಬೇಕು. ಲಾರಿ ಧಂದೆಯ ಲಾಭ ಹೋಗುವಾಗಿನ ಬಾಡಿಗೆಯಲ್ಲಿಲ್ಲ, ಬರುವಾಗಿನ ಲೋಡಿನಲ್ಲಿದೆ. ಅದನ್ನು ಹುಡುಕಿಕೊಟ್ಟವನಿಗೆ ತಿಂಗಳ ಸಂಬಳ ಅಷ್ಟೇ. ಚಾಲಕನಿಗಿರುವ ಟ್ರಿಪ್ಪಿನ ಬತ್ತಾ ಕೂಡ ಅವನಿಗಿಲ್ಲ.

ಆಮೇಲೆ ಚಾಲಕ ಯಾರು ಅನ್ನುವುದು. ಇದು ನೋಟ್‌ಬುಕ್ಕಿನಲ್ಲಿ ಬರೆದಿರುವುದಿಲ್ಲ. ಒಬ್ಬನ ಹೆಂಡತಿಗೆ ಹೆರಿಗೆ ಹತ್ತಿರ ಇದೆ, ಅವನನ್ನು ದೂರ ಕಳಿಸುವಂತಿಲ್ಲ. ಇನ್ನೊಬ್ಬ ಮಂಗಳವಾರ ಮನೆಯಲ್ಲಿರಲೇಬೇಕು ಅನ್ನುತ್ತಾನೆ. ಮತ್ತೊಬ್ಬನ ಕೈಗೆ ಅಡ್ವಾನ್ಸ್ ಪೂರ್ತಿ ಕೊಟ್ಟರೆ ದಾರಿಯಲ್ಲೇ ಖರ್ಚು, ಅರ್ಧ ಕೊಟ್ಟು ಉಳಿದದ್ದನ್ನು ಬಂಕಿನಲ್ಲಿ ಡೀಸೆಲ್ ಹಾಕಿಸುವಾಗ ಕಳಿಸಬೇಕು. ಕಣ್ಣು ಮಂಜಾಗಿದ್ದನ್ನು ಮುಚ್ಚಿಟ್ಟುಕೊಂಡು ಹಗಲು ಮಾತ್ರ ಓಡಿಸುವ ಹಿರಿಯನೊಬ್ಬ ಇರುತ್ತಾನೆ. ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಗುಮಾಸ್ತ ಅವನಿಗೆ ರಾತ್ರಿ ಗಾಡಿ ಕೊಡುವುದಿಲ್ಲ.

ಇನ್ನು ತೂಕ. ಮೂರು ಆಕ್ಸೆಲ್ಲಿನ ಹತ್ತು ಗಾಲಿ ಲಾರಿಗೆ ಸರಕು ಸೇರಿ ಒಟ್ಟು ತೂಕದ ಮಿತಿ 2018ರ ಜುಲೈವರೆಗೆ 25 ಟನ್ ಇತ್ತು, ಕೇಂದ್ರ ಸರ್ಕಾರ ಅದನ್ನು 28.5 ಟನ್ನಿಗೆ ಏರಿಸಿತು. ಲಾರಿಯ ಸ್ವಂತ ತೂಕ ಕಳೆದರೆ ಹದಿನೆಂಟು ಟನ್ನಿನ ಆಸುಪಾಸು ಸರಕು. ನಮ್ಮ ಕಡೆ ಭತ್ತದ ಲೆಕ್ಕ 75 ಕಿಲೊ ಚೀಲದಲ್ಲಿ ನಡೆಯುತ್ತದೆ. ಹದಿನೆಂಟು ಟನ್ ಅಂದರೆ 240 ಚೀಲ. ಮಿತಿ ಮುಟ್ಟಿದ ಮೇಲೂ ‘ಇನ್ನೊಂದು ಹದಿನಾಲ್ಕು ಚೀಲ ಹಾಕ್ರೀ, ಏನಾಗ್ತತಿ’ ಎಂದರೆ ಒಂದು ಟನ್ ಮೇಲೆ ಹೋಯಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ಹೆಚ್ಚುವರಿ ಭಾರಕ್ಕೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಮತ್ತೆ 2,000, ಜೊತೆಗೆ ಹೆಚ್ಚಿನ ಸರಕು ಇಳಿಸುವ ಖರ್ಚು. ಹಾಗೆ ಹೇರಿಸಿದವರು ಮಾತ್ರ ದಂಡದ ಹೊತ್ತಿಗೆ ಫೋನ್ ಎತ್ತುವುದಿಲ್ಲ.

ಅಕ್ಕಿಯದು ಇನ್ನೊಂದು ಸೂಕ್ಷ್ಮ. 2022ರ ಜುಲೈ 18ರಿಂದ 25 ಕಿಲೊವರೆಗಿನ ಲೇಬಲ್ ಹಚ್ಚಿದ ಚೀಲಕ್ಕೆ ಶೇ 5ರಷ್ಟು ಜಿಎಸ್‌ಟಿ ಬಂತು, ಅದಕ್ಕಿಂತ ಭಾರದ ಚೀಲಕ್ಕೆ ಇಲ್ಲ. ಅಂಗಡಿಯಲ್ಲಿ 26 ಕಿಲೊ ಅಕ್ಕಿ ಚೀಲ ಯಾಕೆ ಹುಟ್ಟಿತು ಎಂದು ಅಚ್ಚರಿಪಟ್ಟಿದ್ದರೆ ಕಾರಣ ಇದು. ಆ ಒಂದು ಕಿಲೊ ಲಾರಿಯ ಕಾಗದವನ್ನೇ ಬದಲಿಸುತ್ತದೆ. ತೆರಿಗೆ ಇದ್ದು ಸರಕಿನ ಬೆಲೆ 50,000 ದಾಟಿದರೆ ಇ-ವೇ ಬಿಲ್ ಬೇಕು. 2018ರ ಏಪ್ರಿಲ್ 1ರಂದು ದೇಶದಲ್ಲೆಲ್ಲ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಬಂದಾಗ, ರಾಜ್ಯದ ಒಳಗಿನ ಸಾಗಣೆಗೂ ಅದೇ ದಿನ ಜಾರಿ ಮಾಡಿದ್ದು ಕರ್ನಾಟಕ ಒಂದೇ. ಬಿಲ್ಲಿನ ಆಯುಷ್ಯ 200 ಕಿಲೋಮೀಟರಿಗೆ ಒಂದು ದಿನ. ಸಿರುಗುಪ್ಪದಿಂದ ಬೆಂಗಳೂರು ಸುಮಾರು 360 ಕಿಲೋಮೀಟರ್, ಎರಡು ದಿನದ ಆಯುಷ್ಯ. ಲಾರಿ ನಡುದಾರಿಯಲ್ಲಿ ಕೆಟ್ಟು ನಿಂತರೆ ಸರಕನ್ನು ಬೇರೆ ಲಾರಿಗೆ ಹೇರಿಸಬೇಕು, ಹೊಸ ಲಾರಿಯ ನಂಬರನ್ನು ಬಿಲ್ಲಿನ ಎರಡನೇ ಭಾಗದಲ್ಲಿ ತುಂಬಬೇಕು, ಸಮಯ ಮೀರಿದರೆ ವಿಸ್ತರಣೆ ಕೇಳಬೇಕು. ರಾತ್ರಿ ಎರಡಕ್ಕೆ ಚಳ್ಳಕೆರೆ ಆಚೆಯ ಯಾವುದೋ ಢಾಬಾದ ಮುಂದೆ ಆಕ್ಸೆಲ್ ಮುರಿದ ಚಾಲಕ ಇದನ್ನೆಲ್ಲ ಮಾಡುತ್ತಾನೆಯೇ? ಅವನು ಒಂದು ಫೋನು ಮಾಡುತ್ತಾನೆ. ಸಿರುಗುಪ್ಪದ ಯಾವುದೋ ಓಣಿಯಲ್ಲಿ, ಮಕ್ಕಳು ಎದ್ದಾವೆಂದು ಅಂಗಳಕ್ಕೆ ಬಂದು ನಿಂತು ಇನ್ನೊಬ್ಬ ಅದನ್ನು ಮಾಡುತ್ತಾನೆ.

ಮಳೆಗಾಲದಲ್ಲಿ ಇದರ ಮೇಲೆ ನದಿಯ ಲೆಕ್ಕ. ಜಲಾಶಯದಿಂದ ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ. ಗಂಗಾವತಿ ಕಡೆ ಹೋಗುವ ಗಾಡಿ ಸುತ್ತು ಹಾಕಬೇಕು. ಹಗರಿ ತುಂಬಿ ಬಂದರೆ ಆದೋನಿ ದಾರಿಯ ರಾರಾವಿ ಸೇತುವೆ ಹೇಗಿದೆ ಅಂತ ಅಲ್ಲಿನ ಯಾರನ್ನಾದರೂ ಕೇಳಬೇಕು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ ನಾಡೆಲ್ಲ ಟಿ.ವಿ. ಮುಂದೆ ಕೂತಿತ್ತು. ಕೆಳಗಿನ ತಾಲ್ಲೂಕುಗಳಲ್ಲಿ ಲಾರಿ, ಬಸ್ಸು ಬಿಡುವವರಿಗೆ ಆ ಸುದ್ದಿ ರಸ್ತೆಯ ಸುದ್ದಿಯೂ ಆಗಿತ್ತು. ಯಾವ ಸೇತುವೆ, ಎಷ್ಟು ಹೊತ್ತು, ಯಾವ ಗಾಡಿ ತಡೆಯಬೇಕು, ಯಾವುದನ್ನು ತಿರುಗಿಸಬೇಕು. ಆ ತೀರ್ಮಾನಗಳನ್ನು ಯಾವ ಚಾನೆಲ್ಲೂ ಕೇಳಲಿಲ್ಲ.

ಬಳ್ಳಾರಿಯಲ್ಲಿ ಲಾರಿಯ ಮಾತು ತೆಗೆದು ಗಣಿಯ ಮಾತು ಬಿಟ್ಟರೆ ಅರ್ಧ ಬಿಟ್ಟಂತೆ. ಅದಿರಿನ ಕಾಲದಲ್ಲಿ ಹೊಲ ಅಡವಿಟ್ಟು ಲಾರಿ ತಂದವರು ಸಂಡೂರು, ಹೊಸಪೇಟೆಯ ದಾರಿಗಳಲ್ಲಿ ಸಾಲುಗಟ್ಟಿದ್ದರು. ಆಗ ಲೋಡಿಂಗ್ ಪಾಯಿಂಟಿನಲ್ಲಿ ಕೂತು ಪಾಳಿ ಕೂಗುವವನು, ಟ್ರಿಪ್ ಶೀಟ್ ಬರೆಯುವವನು ಸಣ್ಣ ಆಳಲ್ಲ. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಕೊಟ್ಟರು. ಪರ್ಮಿಟ್ಟಿಲ್ಲದ ಸಾಗಣೆ, ಮಿತಿಮೀರಿದ ಭಾರ ಎಲ್ಲವೂ ಅದರಲ್ಲಿತ್ತು. ಎರಡೇ ದಿನದಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಲಾರಿಗಳು ಮನೆಯ ಮುಂದೆ ನಿಂತವು, ಕಂತು ನಿಲ್ಲಲಿಲ್ಲ. ಆ ವರ್ಷಗಳ ಪಾಠ ಒಂದಿದೆ. ಗಾಡಿ ಹೊರಡಿಸುವವನು ಬರೆದ ಚೀಟಿ ಸುಳ್ಳಾದರೆ ಇಡೀ ಸಾಗಣೆಯೇ ಸುಳ್ಳಾಗುತ್ತದೆ. ಆದ್ದರಿಂದ ಇವನನ್ನು ಬರೀ ಪಾಪದವನು ಎಂದು ಕನಿಕರ ಪಡುವವರ ಗುಂಪಿಗೆ ನಾನು ಸೇರುವುದಿಲ್ಲ. ಇವನ ಕೈಯಲ್ಲಿ ಅಧಿಕಾರವಿದೆ. ಅದಕ್ಕೆ ಹೆಸರೂ ಇಲ್ಲ, ಹೊಣೆಯೂ ಇಲ್ಲ ಅನ್ನುವುದೇ ನನ್ನ ತಕರಾರು.

ಆ ಅಧಿಕಾರ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ನಿದ್ದೆಯ ಲೆಕ್ಕ ಹಾಕಬೇಕು. ಚಾಲಕ ಬೆಳಿಗ್ಗೆಯಿಂದ ಮಿಲ್ಲಿನ ಆವರಣದಲ್ಲಿ ಪಾಳಿ ಕಾಯುತ್ತಾನೆ. ಹಮಾಲರು ಬಂದು ಹೇರುವಾಗ ಮಧ್ಯಾಹ್ನ. ಹಗ್ಗ ಬಿಗಿದು, ತಾಡಪತ್ರಿ ಕಟ್ಟಿ, ತೂಕ ಮಾಡಿಸಿ, ಬಿಲ್ಲು ಕೈಗೆ ಬರುವಾಗ ರಾತ್ರಿ ಎಂಟು. ಬೆಳಗಿನ ಮಾರ್ಕೆಟ್ಟಿಗೆ ಸರಕು ಮುಟ್ಟಬೇಕು, ಹೊತ್ತೇರಿದರೆ ನಗರದೊಳಗೆ ದೊಡ್ಡ ಗಾಡಿಗೆ ಕಟ್ಟುಪಾಡು. ಹಾಗಾದರೆ ರಾತ್ರಿಯೆಲ್ಲ ಓಡಬೇಕು. ಇದು ಚಾಲಕ ಮಾಡಿದ ತೀರ್ಮಾನವಲ್ಲ. ಹೊರಡುವ ಹೊತ್ತನ್ನೂ ಮುಟ್ಟುವ ಹೊತ್ತನ್ನೂ ಬೇರೆಯವರು ಮಾತಾಡಿಕೊಂಡಾಗಿದೆ, ನಡುವಿನ ನಿದ್ದೆ ಮಾತ್ರ ಅವನ ಪಾಲಿನದು. ದಾರಿಯಲ್ಲಿ ಕಣ್ಣು ಎಳೆದು ಒಂದು ತಾಸು ಗಾಡಿ ಬದಿಗೆ ಹಾಕಿದರೆ ಫೋನು: ‘ಎಲ್ಲಿದ್ದೀಯಪ್ಪಾ? ಪಾರ್ಟಿ ಕೇಳಾಕತ್ತಾರ.’

ಕಾನೂನು ಈ ವಿಷಯದಲ್ಲಿ ಕುರುಡೇನಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಎಂದು ಕೆಲಸದ ಮಿತಿ ಹಾಕಿತು. ಸತತ 5 ತಾಸಿನ ಮೇಲೆ ಕೆಲಸ ಮಾಡಿಸುವಂತಿಲ್ಲ, ನಡುವೆ ಕನಿಷ್ಠ ಅರ್ಧ ತಾಸು ವಿಶ್ರಾಂತಿ ಬೇಕು. ಒಂದು ದಿನದ ಕೆಲಸ ಮುಗಿದು ಮರುದಿನದ್ದು ಶುರುವಾಗುವ ಮಧ್ಯೆ ಸತತ 9 ತಾಸು ಬಿಡುವು ಇರಬೇಕು ಎಂದಿತು. ಆದರೆ ಐದು ಮಂದಿಗಿಂತ ಕಡಿಮೆ ಕೆಲಸಗಾರರಿದ್ದಲ್ಲಿ ಈ ಕಾಯ್ದೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಒಂದು ಲಾರಿ, ಎರಡು ಲಾರಿ ಇಟ್ಟುಕೊಂಡವರೇ ತುಂಬಿರುವ ಊರುಗಳಲ್ಲಿ ಎಷ್ಟು ಚಾಲಕರು ಅದರ ನೆರಳಿಗೆ ಬಂದಾರು? ಇನ್ನೊಂದು ಕುತೂಹಲದ ಸಂಗತಿ: ಆ ಕಾಯ್ದೆ ‘ಸಾರಿಗೆ ಕಾರ್ಮಿಕ’ ಯಾರು ಎಂದು ಹೇಳುವಾಗ ಚಾಲಕ, ಕ್ಲೀನರ್ ಜೊತೆಗೆ ಬುಕಿಂಗ್ ಕ್ಲರ್ಕ್, ಡಿಪೊ ಕ್ಲರ್ಕ್, ಟೈಂ ಕೀಪರ್ ಇವರನ್ನೂ ಹೆಸರಿಸಿತ್ತು. ಈಗ ಆ ಕಾಯ್ದೆ 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆಯೊಳಗೆ ಕರಗಿದೆ. ಸಂಹಿತೆ ಜಾರಿಯಾದದ್ದು 2025ರ ನವೆಂಬರ್ 21ರಂದು. ಅಂದರೆ ಗುಮಾಸ್ತನ ದುಡಿಮೆಯ ತಾಸುಗಳನ್ನು ಕಾನೂನು ಅರವತ್ತು ವರ್ಷಗಳ ಹಿಂದೆಯೇ ಗಮನಿಸಿತ್ತು. ಚಾಲಕನ ತಾಸುಗಳನ್ನು ಗೊತ್ತುಮಾಡುವವನೂ ಇವನೇ ಅನ್ನುವುದನ್ನು ಮಾತ್ರ ಗಮನಿಸಲಿಲ್ಲ.

2024ರ ಜನವರಿ ಮೊದಲ ಎರಡು ದಿನ ನೆನಪಿರಬಹುದು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪಘಾತ ಮಾಡಿ ತಿಳಿಸದೆ ಓಡಿಹೋದವರಿಗೆ 10 ವರ್ಷದವರೆಗೆ ಸಜೆ ಎಂಬ ಕಲಂ ವಿರುದ್ಧ ದೇಶದ ಹಲವೆಡೆ ಲಾರಿ ಚಾಲಕರು ಗಾಡಿ ನಿಲ್ಲಿಸಿದರು, ಬಂಕುಗಳ ಮುಂದೆ ಜನ ಮುಗಿಬಿದ್ದರು. ಸರ್ಕಾರ ಮಾತುಕತೆಗೆ ಬಂತು. ಸಂಹಿತೆ ಅದೇ ವರ್ಷದ ಜುಲೈ 1ರಂದು ಜಾರಿಯಾದಾಗ 106ನೇ ಕಲಮಿನ ಆ ಉಪಕಲಮನ್ನು ಮಾತ್ರ ತಡೆಹಿಡಿಯಿತು. ಅಷ್ಟೆಲ್ಲ ವಾದ ನಡೆದದ್ದು ಚಾಲಕ ಓಡಿಹೋಗಬೇಕೋ ನಿಲ್ಲಬೇಕೋ ಎಂಬುದರ ಮೇಲೆ. ಅವನು ಹೊರಟದ್ದು ಎಷ್ಟು ಹೊತ್ತಿಗೆ, ಅದಕ್ಕೂ ಮೊದಲು ಮಲಗಿದ್ದು ಯಾವಾಗ, ಬೆಳಗಾಗುವುದರೊಳಗೆ ಮುಟ್ಟಿಸು ಎಂದವರು ಯಾರು ಎಂದು ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಅಪಘಾತವಾದಾಗ ಠಾಣೆಯ ಕಾಗದದಲ್ಲೂ ಹೀಗೆಯೇ. ಗಾಡಿ ನಂಬರು, ಚಾಲಕ, ಮಾಲೀಕ, ವಿಮೆ. ಗಾಡಿ ಹೊರಡಿಸಿದವನು ಅಲ್ಲಿ ಎಲ್ಲೂ ಇಲ್ಲ.

ಲಾರಿ ಆಫೀಸು ಬಿಟ್ಟು ಬಸ್ ನಿಲ್ದಾಣಕ್ಕೆ ಬಂದರೆ ಇದೇ ಕೆಲಸಕ್ಕೆ ಸಮವಸ್ತ್ರವಿದೆ, ಕಿಟಕಿಯಿದೆ, ಮೈಕಿದೆ. ಸಂಚಾರ ನಿಯಂತ್ರಕ, ಜನರ ಬಾಯಲ್ಲಿ ಕಂಟ್ರೋಲರ್ ಸಾಹೇಬ್ರು. ನಮ್ಮ ಸರ್ಕಾರಿ ಬಸ್ಸಿನ ವಂಶಾವಳಿ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳಿಂದ ಶುರುವಾದ ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆಯಿಂದ ಹೊರಡುತ್ತದೆ. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. 2000ದಲ್ಲಿ ಈಶಾನ್ಯ ಸಾರಿಗೆ ಬೇರೆಯಾಗಿ ಕಲಬುರಗಿಯಲ್ಲಿ ಕೂತಿತು, 2021ರಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆ ಎಂದು ಹೆಸರು ಬದಲಿಸಿಕೊಂಡಿತು. ಸಿರುಗುಪ್ಪ ಡಿಪೊ ಅದರ ಬಳ್ಳಾರಿ ವಿಭಾಗಕ್ಕೆ ಸೇರಿದ್ದು. ಹೆಸರು ಎಷ್ಟು ಸಲ ಬದಲಾದರೂ ಕಿಟಕಿಯೊಳಗಿನ ಕೆಲಸ ಬದಲಾಗಿಲ್ಲ. ಬಸ್ಸು ಬಂತು, ಕಂಡಕ್ಟರ್ ಲಾಗ್‌ಶೀಟ್ ತಂದ, ಹೊತ್ತು ಬರೆದು ಸಹಿ ಹಾಕಿದರು. ಸುಲಭದ ದಿನಗಳಲ್ಲಿ ಇಷ್ಟೇ. ಸುಲಭದ ದಿನ ಕಡಿಮೆ.

ಸಂಜೆ ಹಚ್ಚೊಳ್ಳಿ ಕಡೆಯ ಬಸ್ಸು ಬರಲಿಲ್ಲ ಅಂದುಕೊಳ್ಳಿ. ಕಾಲೇಜು ಮುಗಿಸಿದ ಹುಡುಗಿಯರು, ಸಂತೆ ಮುಗಿಸಿದ ಅವ್ವಂದಿರು, ಆಸ್ಪತ್ರೆಗೆ ಬಂದವರು ಕಿಟಕಿಗೆ ಮುತ್ತಿಕೊಳ್ಳುತ್ತಾರೆ. ‘ಸಾರ್, ನಮ್ಮೂರ ಗಾಡಿ ಎಷ್ಟೊತ್ತಿಗೆ ಬರ್ತತಿ?’ ಕಂಟ್ರೋಲರ್ ಹತ್ತಿರ ಮೂರು ದಾರಿ. ಬೇರೆ ಊರಿನ ಬಸ್ಸನ್ನು ಇಲ್ಲಿಗೆ ತಿರುಗಿಸುವುದು, ಅಲ್ಲಿನವರ ಬೈಗುಳ ತಿನ್ನುವುದು. ಡಿಪೊಗೆ ಫೋನ್ ಮಾಡಿ ಇನ್ನೊಂದು ಗಾಡಿ ಕೇಳುವುದು. ಗಾಡಿ ಇದ್ದರೆ ಡ್ರೈವರ್ ಇರುವುದಿಲ್ಲ, ಡ್ರೈವರ್ ಇದ್ದರೆ ಅವನ ಡ್ಯೂಟಿ ಮುಗಿದಿರುತ್ತದೆ. ಇಲ್ಲವೇ ಇರುವ ಕೊನೆ ಬಸ್ಸಿಗೇ ಎಲ್ಲರನ್ನೂ ಹತ್ತಿಸಿ ಕಣ್ಣು ಮುಚ್ಚಿಕೊಳ್ಳುವುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರ ಪ್ರಯಾಣ ಉಚಿತವಾದ ಮೇಲೆ ಕಿಟಕಿಯ ಮುಂದಿನ ಗುಂಪು ಬೆಳೆಯಿತು. ಅದು ಒಳ್ಳೆಯದೇ, ಊರಿನ ಹೆಣ್ಣುಮಕ್ಕಳು ಯಾರ ಅಪ್ಪಣೆಗೂ ಕಾಯದೆ ತಾಲ್ಲೂಕಿಗೆ ಬಂದು ಹೋಗುವುದನ್ನು ನೋಡುವುದಕ್ಕೇ ಸಂತೋಷ. ಯೋಜನೆಯ ಯಶಸ್ಸನ್ನು ಕೋಟಿಗಟ್ಟಲೆ ಟಿಕೆಟ್ಟಿನಲ್ಲಿ ಎಣಿಸುತ್ತಾರೆ. ಆ ಟಿಕೆಟ್ಟುಗಳಿಗೆ ಬಸ್ಸು ಹೊಂದಿಸಿದ ಕಿಟಕಿಯ ಲೆಕ್ಕ ಯಾರೂ ಹೇಳುವುದಿಲ್ಲ.

ಕಂಟ್ರೋಲರುಗಳಲ್ಲಿ ಬಹುಪಾಲು ಜನ ಕಂಡಕ್ಟರ್ ಕೆಲಸದಿಂದ ಬಂದವರು. ಬೆಂಗಳೂರಿನ ಸಿಟಿ ಬಸ್ಸಿನ ಕಂಡಕ್ಟರೊಬ್ಬರು ಮದ್ರಾಸಿಗೆ ಹೋಗಿ ರಜನೀಕಾಂತ್ ಆದರು, ಕಂಡಕ್ಟರ್ ಕೆಲಸಕ್ಕೇ ಒಂದು ಮೆರುಗು ಬಂತು. ಗದಗಿನಲ್ಲಿ 1976ರಲ್ಲಿ ಒಂದೇ ಲಾರಿಯಿಂದ ಶುರುಮಾಡಿದ ವಿಜಯ ಸಂಕೇಶ್ವರರ ಕತೆ ‘ವಿಜಯಾನಂದ’ ಎಂಬ ಸಿನಿಮಾ ಆಯಿತು, ಮಾಲೀಕರಿಗೂ ಒಂದು ಪುರಾಣ ಸಿಕ್ಕಿತು. ಚಾಲಕರಿಗಂತೂ ಹಾಡುಗಳೇ ಇವೆ. ಕಂಟ್ರೋಲ್ ರೂಮಿನಿಂದ ಎದ್ದು ಹೋಗಿ ನಾಯಕನಾದವನನ್ನು ನಾನಂತೂ ಕಂಡಿಲ್ಲ. ಕುರ್ಚಿ ಬಿಟ್ಟು ಎದ್ದರೆ ಬಸ್ಸು ನಿಲ್ಲುತ್ತದಲ್ಲ, ಅದಕ್ಕೇ ಇರಬೇಕು.

ಈ ಅಲಕ್ಷ್ಯ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. 1851ರಲ್ಲಿ ಅಮೆರಿಕದ ಈರಿ ರೈಲ್‌ರೋಡಿನ ಮೇಲ್ವಿಚಾರಕ ಚಾರ್ಲ್ಸ್ ಮಿನಾಟ್ ಒಂದು ನಿಲ್ದಾಣದಲ್ಲಿ ಎದುರು ಗಾಡಿಗಾಗಿ ಕಾದೂ ಕಾದು ಬೇಸತ್ತು, ಮುಂದಿನ ನಿಲ್ದಾಣಕ್ಕೆ ತಂತಿ ಕೊಟ್ಟು ಆ ಗಾಡಿಯನ್ನು ಅಲ್ಲೇ ನಿಲ್ಲಿಸಿ ಅಂದ. ತಂತಿಯ ಮೇಲೆ ರೈಲು ಹೊರಡಿಸಿದ ಮೊದಲ ಆಜ್ಞೆ ಅದು ಎಂದು ಹೇಳುತ್ತಾರೆ. ಎಂಜಿನ್ ಚಾಲಕ ಮಾತ್ರ ಹೊರಡಲು ಒಪ್ಪಲಿಲ್ಲ. ಕಣ್ಣಿಗೆ ಕಾಣದ ಯಾರದೋ ಮಾತು ನಂಬಿ ಒಂಟಿ ಹಳಿಯ ಮೇಲೆ ಎದುರಾಗಿ ಹೋಗುವುದೇ? ಮಿನಾಟನೇ ಎಂಜಿನ್ ಹತ್ತಿ ನಡೆಸಿಕೊಂಡು ಹೋಗಬೇಕಾಯಿತು. ದೂರದಲ್ಲಿ ಕೂತು ಗಾಡಿ ಬಿಡುವವನ ಮೇಲಿನ ಅಪನಂಬಿಕೆಗೆ ಇಷ್ಟು ವಯಸ್ಸಾಗಿದೆ. ರೈಲಿನವರು ಅದನ್ನು ದಾಟಿದರು. ಇಂದು ಗುಂತಕಲ್ಲಿನಲ್ಲೋ ಹುಬ್ಬಳ್ಳಿಯಲ್ಲೋ ಸೆಕ್ಷನ್ ಕಂಟ್ರೋಲರ್ ಹೇಳದೆ ಗಾಡಿ ಮುಂದಕ್ಕೆ ಹೋಗುವುದಿಲ್ಲ. ವಿಮಾನದವರು ಇನ್ನೂ ಮುಂದೆ ಹೋದರು. ಅಮೆರಿಕದಲ್ಲಿ 1938ರ ಕಾನೂನಿನ ಹೊತ್ತಿಗೇ ಡಿಸ್ಪ್ಯಾಚರ್‌ಗೆ ಪರವಾನಗಿ ಬಂತು. ಅಲ್ಲಿನ ವಿಮಾನ ಕಂಪನಿಗಳಲ್ಲಿ ಹಾರಾಟ ಸುರಕ್ಷಿತವೇ ಅನ್ನುವ ಹೊಣೆ ಕ್ಯಾಪ್ಟನ್‌ನಷ್ಟೇ ನೆಲದ ಮೇಲೆ ಕುಳಿತ ಡಿಸ್ಪ್ಯಾಚರ್‌ನದೂ ಹೌದು, ಇಬ್ಬರ ಸಹಿಯೂ ಬೇಕು. ನಮ್ಮ ದೇಶದಲ್ಲೂ ವಿಮಾನಯಾನ ನಿರ್ದೇಶನಾಲಯದ ಒಪ್ಪಿಗೆ ಇಲ್ಲದೆ ಯಾರೂ ಆ ಕುರ್ಚಿಯಲ್ಲಿ ಕೂರುವಂತಿಲ್ಲ. ಆಕಾಶದಲ್ಲಿ ಇರುವ ಈ ಬುದ್ಧಿ ರಸ್ತೆಗೆ ಇಳಿಯಲಿಲ್ಲ.

ಆಂಬುಲೆನ್ಸಿನ ಉದಾಹರಣೆ ಇನ್ನೂ ಹತ್ತಿರದ್ದು. ಕರ್ನಾಟಕದಲ್ಲಿ 108 ಸೇವೆ ಶುರುವಾದದ್ದು 2008ರ ನವೆಂಬರ್ 1ರಂದು. ಹಳ್ಳಿಯವರಿಗೆ 108 ಅಂದರೆ ಗಾಡಿ. ಆದರೆ ಅದರ ಮಿದುಳು ಬೆಂಗಳೂರಿನ ಕರೆ ಕೇಂದ್ರದಲ್ಲಿದೆ. 2022ರ ಸೆಪ್ಟೆಂಬರ್ ಕೊನೆಯಲ್ಲಿ ಆ ಕೇಂದ್ರದ ಯಂತ್ರ ಕೆಟ್ಟು ಕರೆಗಳು ಸಿಗದೆ ರಾಜ್ಯವೆಲ್ಲ ಪರದಾಡಿತು. ಗಾಡಿಗಳು ನಿಂತಲ್ಲೇ ಇದ್ದವು, ಡೀಸೆಲ್ ಇತ್ತು, ಚಾಲಕರಿದ್ದರು, ನರ್ಸುಗಳಿದ್ದರು. ಎಲ್ಲಿಗೆ ಹೋಗಬೇಕೆಂದು ಹೇಳುವವರ ದನಿ ಇರಲಿಲ್ಲ, ಅಷ್ಟೇ.

ಈಗ ಮೊಬೈಲಿನ ಕಾಲ, ಗುಮಾಸ್ತ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಬೆಂಗಳೂರಿನಲ್ಲಿ 2015ರಲ್ಲಿ ಹುಟ್ಟಿದ ಬ್ಲ್ಯಾಕ್‌ಬಕ್‌ನಂಥ ಆ್ಯಪ್‌ಗಳು ಲಾರಿಗೆ ಲೋಡನ್ನೂ ಲೋಡಿಗೆ ಲಾರಿಯನ್ನೂ ಜೋಡಿಸುತ್ತವೆ; 2024ರ ನವೆಂಬರಿನಲ್ಲಿ ಅದರ ಕಂಪನಿ ಷೇರುಪೇಟೆಗೂ ಬಂತು. ಫಾಸ್ಟ್ಯಾಗ್ ಟೋಲಿನ ಹೊತ್ತು ಹೇಳುತ್ತದೆ, ಜಿಪಿಎಸ್ ಗಾಡಿ ಇರುವ ಜಾಗ ತೋರಿಸುತ್ತದೆ. ಇವೆಲ್ಲ ಬಂದದ್ದರಿಂದ ಸುಳ್ಳು ಕಡಿಮೆಯಾಗಿದೆ, ಕಮಿಷನ್ನಿನ ಹೆಸರಲ್ಲಿ ಚಾಲಕನನ್ನು ಸುಲಿಯುತ್ತಿದ್ದ ದಲ್ಲಾಳಿಗಳಿಗೆ ಬಿಸಿ ಮುಟ್ಟಿದೆ, ಅದನ್ನು ಒಪ್ಪಲೇಬೇಕು. ಆದರೆ ಪರದೆಯ ಮೇಲೆ ಅಲ್ಲಾಡದೆ ನಿಂತ ಚುಕ್ಕಿ ಯಾಕೆ ನಿಂತಿದೆ ಎಂದು ಪರದೆ ಹೇಳುವುದಿಲ್ಲ. ಟೈರು ಹೋಗಿದೆಯೋ, ಚಾಲಕನಿಗೆ ಎದೆನೋವು ಬಂದಿದೆಯೋ, ಯಾರೋ ಕೈಯೊಡ್ಡಿ ನಿಲ್ಲಿಸಿದ್ದಾರೋ, ಇಲ್ಲಾ ಪಾಪ, ಮಲಗಿದ್ದಾನೋ. ಒಳ್ಳೆಯ ಗುಮಾಸ್ತ ಚುಕ್ಕಿ ನಿಂತ ಜಾಗ ನೋಡಿದ ಕೂಡಲೇ ನಾಲ್ಕರಲ್ಲಿ ಯಾವುದೆಂದು ಊಹಿಸುತ್ತಾನೆ. ಮಲಗಿದ್ದಾನೆ ಅನ್ನಿಸಿದರೆ ಫೋನ್ ಮಾಡುವುದಿಲ್ಲ. ಪಾರ್ಟಿಗೆ ಮಾತ್ರ ಏನೋ ಒಂದು ಹೇಳಿ ಹೊತ್ತು ಕಳೆಯುತ್ತಾನೆ. ಕೆಟ್ಟ ಗುಮಾಸ್ತ ಹತ್ತು ಸಲ ರಿಂಗ್ ಕೊಡುತ್ತಾನೆ. ಹೆದ್ದಾರಿಯ ಮೇಲೆ ಇಬ್ಬರ ನಡುವಿನ ಅಂತರ ಕೆಲವೊಮ್ಮೆ ಒಂದು ಜೀವ.

ಹಾಗಾದರೆ ಏನು ಮಾಡಬೇಕು? ಪ್ರಶಸ್ತಿ ಕೊಡಿ, ಶಾಲು ಹೊದಿಸಿ ಎಂದು ನಾನು ಹೇಳುವುದಿಲ್ಲ. ಬಸ್ ನಿಲ್ದಾಣಗಳಲ್ಲಿ ಕಂಟ್ರೋಲರ್‌ಗೆ ಜನ ಕಂಡರೆ ಸಾಕೆ, ಕೈಯಲ್ಲಿ ಎರಡು ಮೀಸಲು ಬಸ್ಸಾದರೂ ಬೇಡವೇ? ಬರೀ ಮೈಕು ಕೊಟ್ಟು ಬೈಗುಳ ಕೇಳಲು ಕೂರಿಸುವುದು ಸಾರಿಗೆ ನಿಗಮಕ್ಕೆ ಶೋಭೆಯಲ್ಲ. ಲಾರಿ ಮಾಲೀಕರ ಸಂಘಗಳು ಚಾಲಕರಿಗೆ ಕಣ್ಣಿನ ತಪಾಸಣೆ ಶಿಬಿರ ಮಾಡುವಾಗ ಬುಕಿಂಗ್ ಗುಮಾಸ್ತರನ್ನೂ ಕರೆದು, ಚಾಲಕನ ವಿಶ್ರಾಂತಿಯ ತಾಸು ಎಷ್ಟು, ತೂಕದ ಮಿತಿ ಎಷ್ಟು, ಇ-ವೇ ಬಿಲ್ ಹೇಗೆ ಎಂದು ಒಂದು ದಿನ ಕೂರಿಸಿ ಕಲಿಸಬಹುದು. ಮಿಲ್ಲಿನವರು ಬೆಳಿಗ್ಗೆ ಕರೆದ ಗಾಡಿಯನ್ನು ರಾತ್ರಿವರೆಗೆ ಕಾಯಿಸದೆ ಹೇರುವ ಹೊತ್ತು ಹೇಳಿ ಕರೆಯಬಹುದು. ಅಷ್ಟಾದರೂ ಚಾಲಕ ಹಗಲು ನಾಲ್ಕು ತಾಸು ಮನೆಯಲ್ಲಿ ಮಲಗಿ ಬರುತ್ತಾನೆ.

ಎಲ್ಲಕ್ಕಿಂತ ಸುಲಭದ್ದು ಒಂದಿದೆ. 1865ರ ಹಳೆಯ ಕಾಯ್ದೆಯನ್ನು ತೆಗೆದು ತಂದ 2007ರ ರಸ್ತೆ ಸಾಗಣೆ ಕಾಯ್ದೆ 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸಾಗಣೆದಾರ ಸರಕಿಗೆ ರಸೀದಿ ಕೊಡಬೇಕು. ನಾವು ಎಲ್‌ಆರ್ ಎನ್ನುವುದು ಅದನ್ನೇ. ಕಳಿಸಿದವರು, ಪಡೆಯುವವರು, ಚೀಲ ಎಷ್ಟು, ತೂಕ ಎಷ್ಟು, ಲಾರಿ ನಂಬರು, ಎಲ್ಲ ಅದರಲ್ಲಿ ಇರುತ್ತದೆ. ಕೆಳಗೆ ಬಲಗಡೆ ‘ಕಂಪನಿಯ ಪರವಾಗಿ’ ಎಂದು ಯಾರಿಗೂ ಓದಲಾಗದ ಒಂದು ಗೀಚು. ಆ ಗೀಚು ನಮ್ಮ ಗುಮಾಸ್ತನದು. ಅದರ ಪಕ್ಕದಲ್ಲಿ ಅವನ ಪೂರ್ತಿ ಹೆಸರು, ಲಾರಿ ಹೊರಟ ಹೊತ್ತು, ಹೊರಡುವ ಮುಂಚೆ ಚಾಲಕ ಎಷ್ಟು ತಾಸು ವಿಶ್ರಾಂತಿ ಪಡೆದಿದ್ದ, ಈ ಮೂರು ಸಾಲು ಸೇರಲಿ. ಒಳ್ಳೆಯ ಕೆಲಸ ಮಾಡಿದರೆ ಹೆಸರು ಅವನದು, ನಿದ್ದೆಗೆಟ್ಟವನನ್ನು ದಬ್ಬಿ ಕಳಿಸಿದರೆ ಹೊಣೆಯೂ ಅವನದು; ಅವನಿಗೆ ಒತ್ತಡ ಹಾಕಿದ ಮಾಲೀಕನದೂ. ಇದಕ್ಕೆ ಹೊಸ ಕಾಯ್ದೆಯೂ ಬೇಡ, ವಿಧಾನಸೌಧದ ಮೆಟ್ಟಿಲೂ ಬೇಡ. ಸಿರುಗುಪ್ಪದ, ಬಳ್ಳಾರಿಯ ಟ್ರಾನ್ಸ್‌ಪೋರ್ಟ್ ಮಾಲೀಕರು ಮುಂದಿನ ರಸೀದಿ ಪುಸ್ತಕ ಅಚ್ಚಿಗೆ ಕೊಡುವಾಗ ಪ್ರೆಸ್ಸಿನವರಿಗೆ ಒಂದು ಮಾತು ಹೇಳಿದರೆ ಸಾಕು.